ಹುಡ್ ಹರಿದಿದ್ದರೂ ಸರಿ, ಚಾಸಿಸ್ ನಂಬರ್ ನೆಟ್ಟಗಿರಲಿ

ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೊರಟರೆ ಬದನವಾಳು ಸಿಗುತ್ತದೆ. ಹೊರಗಿನವರು ಈ ಊರಿಗೆ ಬರುವುದು ಖಾದಿ ನೋಡಲು. 1927ರಲ್ಲಿ ಗಾಂಧೀಜಿ ಬಂದುಹೋದ ನೂಲುವ ಕೇಂದ್ರ ಇಲ್ಲಿದೆ. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಕೂತದ್ದೂ ಇಲ್ಲೇ. ನಾನು ಮಾತ್ರ ಈ ಊರಿಗೆ ಮೊದಲು ಬಂದದ್ದು ಒಂದು ಜೀಪು ನೋಡಲು. ಕೊಟ್ಟಿಗೆಯ ಪಕ್ಕದ ಚಪ್ಪರದಡಿ, ಹುಲ್ಲಿನ ಹೊರೆಗಳ ಹಿಂದೆ ಅದು ನಿಂತಿತ್ತು. ಹುಡ್ಡಿನ ಬಟ್ಟೆ ಹರಿದು ಕಂಬಿಗಳ ಮೇಲೆ ಜೋತಾಡುತ್ತಿತ್ತು, ಟೈರು ನೆಲಕ್ಕೆ ಕೂತಿತ್ತು, ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಮನೆಯ ಯಜಮಾನರು ಒಳಗೆ ಹೋಗಿ ಟ್ರಂಕಿನಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಆರ್‌ಸಿ ಪುಸ್ತಕ ತಂದು ಕೈಗಿಟ್ಟರು. ಅದನ್ನು ನೋಡಿದ ಮೇಲೆ ನಾನು ಬೇರೆ ಗಾಡಿ ಹುಡುಕಲಿಲ್ಲ.

ಮೇಲ್ಛಾವಣಿ ತೆಗೆದು ಗಾಳಿಗೆ ಮುಖ ಕೊಟ್ಟು ಓಡಿಸುವ ಹಳೆಯ ಗಾಡಿಯೊಂದನ್ನು ಕೊಂಡು, ಬಿಡುವಿದ್ದಾಗಲೆಲ್ಲ ಕೈಯಾರೆ ರಿಪೇರಿ ಮಾಡಿಕೊಳ್ಳಬೇಕೆಂಬ ಆಸೆ ಈಗ ಅನೇಕರಿಗಿದೆ. ನನ್ನನ್ನು ಕೇಳಿಕೊಂಡು ಬರುವವರಲ್ಲಿ ಕಾಲೇಜು ಮೇಷ್ಟರಿದ್ದಾರೆ, ರೈತರಿದ್ದಾರೆ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದವರಿದ್ದಾರೆ. ಈ ಲೇಖನ ಅವರಿಗಾಗಿ. ನಾನು ಹೇಳಬೇಕಾದ ಮಾತು ಒಂದೇ: ಕುಂದಿರುವ ಗಾಡಿಯನ್ನು ಧೈರ್ಯವಾಗಿ ಕೊಳ್ಳಿ, ಆದರೆ ಆ ಕುಂದು ದಾಖಲೆಯಲ್ಲೂ ಚಾಸಿಸ್‌ನಲ್ಲೂ ಇರಬಾರದು. ಉಳಿದದ್ದೆಲ್ಲ ಕೈಗೆ ಬರುವ ಕೆಲಸ.

ಜೀಪೇ ಯಾಕೆ?

ನಮ್ಮ ದೇಶದಲ್ಲಿ ತಯಾರಾದ ಕಾರುಗಳಲ್ಲಿ ಛಾವಣಿ ಮಡಚುವಂಥವು ಬಹಳ ಕಡಿಮೆ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ತಯಾರಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಅಭಿಮಾನಿಗಳು ಇಂದಿಗೂ ಇದ್ದಾರೆ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ನ ಭಾರತೀಯ ರೂಪ ಅದು. ವಿನ್ಯಾಸ ಇಟಲಿಯ ಜೊವಾನಿ ಮಿಕೆಲೊಟ್ಟಿಯವರದು. ಆ ಕಾರಿನ ಬಾಡಿ ಬೇರೆ, ಚಾಸಿಸ್ ಬೇರೆ. ಛಾವಣಿಯನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಅಪಾಯವೂ ಅಲ್ಲೇ ಇದೆ. ಸಾಮಾನ್ಯ ಹೆರಾಲ್ಡ್‌ನ ಛಾವಣಿ ಬಿಚ್ಚಿ, ಮೇಲೊಂದು ರೆಕ್ಸಿನ್ ಹೊದಿಸಿ 'ಒರಿಜಿನಲ್ ಕನ್ವರ್ಟಿಬಲ್' ಎಂದು ಮಾರುವವರಿದ್ದಾರೆ. ಕಂಪನಿಯೇ ಛಾವಣಿಯಿಲ್ಲದೆ ಮಾಡಿದ ಗಾಡಿಯಲ್ಲಿ ಬಾಗಿಲ ಕಂಬದ ಬಳಿ ಹೆಚ್ಚಿನ ಬಲ ಕೊಟ್ಟಿರುತ್ತಾರೆ. ಬರೀ ಛಾವಣಿ ಬಿಚ್ಚಿದ ಗಾಡಿ ಹಳ್ಳಕ್ಕೆ ಇಳಿದಾಗ ಬಾಗಿಲ ಸಂದು ಹಿಗ್ಗುತ್ತದೆ, ಕುಗ್ಗುತ್ತದೆ. ಹೆರಾಲ್ಡ್ ನೋಡಲು ಹೋದರೆ ಬಾಗಿಲು ಅರ್ಧ ತೆರೆದು, ಒಬ್ಬರನ್ನು ಹಿಂದೆ ಕೂರಿಸಿ ಆ ಸಂದನ್ನು ಗಮನಿಸಿ.

ನಂಜನಗೂಡು, ತಿ.ನರಸೀಪುರದ ಹಳ್ಳಿಗಳಲ್ಲಿ ಹೆರಾಲ್ಡ್ ಸಿಗುವುದಿಲ್ಲ, ಜೀಪು ಸಿಗುತ್ತದೆ. ಕ್ಯಾನ್ವಾಸ್ ಹುಡ್ಡಿನ, ಮುಂದಿನ ಗಾಜು ಮಡಚುವ ಜೀಪು ನಮ್ಮ ನಾಡಿನ ನಿಜವಾದ ತೆರೆದ ಗಾಡಿ. ಮಹೀಂದ್ರ ಕಂಪನಿ 1949ರಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗ ತರಿಸಿ ಜೋಡಿಸಲು ತೊಡಗಿತು. ಆಮೇಲೆ ಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿ ದಶಕಗಟ್ಟಲೆ ಇಲ್ಲೇ ತಯಾರಾಯಿತು. ತಹಸೀಲ್ದಾರರು, ಬಿ.ಡಿ.ಓ.ಗಳು, ನೀರಾವರಿ ಇಂಜಿನಿಯರುಗಳು ಓಡಾಡಿದ್ದು ಅದರಲ್ಲೇ. ಇಲಾಖೆಯವರು ಹರಾಜು ಹಾಕಿದ ಮೇಲೆ ಅವು ಹಳ್ಳಿಗಳಿಗೆ ಬಂದವು, ಗೊಬ್ಬರ ಹೊತ್ತವು, ಮದುವೆ ದಿಬ್ಬಣ ಹೊತ್ತವು, ಕೊನೆಗೆ ಚಪ್ಪರದಡಿ ನಿಂತವು. ಅದರ ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇಂದಿಗೂ ಸಿಗುತ್ತದೆ. ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ಮೊದಲ ಸಲ ಹಳೆ ಗಾಡಿಗೆ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ.

ಮೊದಲು ಪುಸ್ತಕ, ಆಮೇಲೆ ಗಾಡಿ

ಬದನವಾಳಿನ ಜೀಪಿಗೂ ಮೊದಲು ನಾನು ಇನ್ನೊಂದು ಕೊಂಡಿದ್ದೆ. ಪೇಟೆಯ ದಲ್ಲಾಳಿಯೊಬ್ಬರು ತೋರಿಸಿದ್ದು. ಹೊಸ ಬಣ್ಣ, ದಪ್ಪ ಟೈರು, ಹೊಳೆಯುವ ಬಂಪರ್. ನೋಂದಣಿ ನವೀಕರಣಕ್ಕೆ ತೆಗೆದುಕೊಂಡು ಹೋದಾಗ ಇನ್ಸ್‌ಪೆಕ್ಟರರು ಚಾಸಿಸ್ ಮೇಲಿನ ಬಣ್ಣವನ್ನು ಕೀಲಿಕೈ ತುದಿಯಿಂದ ಒಂದಿಷ್ಟು ಕೆರೆದರು. ಬಣ್ಣದ ಕೆಳಗೆ ಪುಟ್ಟಿ ಬಂತು, ಪುಟ್ಟಿಯ ಕೆಳಗೆ ನಾಲ್ಕೂ ಕಡೆ ವೆಲ್ಡಿಂಗ್ ಗೆರೆ ಬಂತು. ನಂಬರ್ ಇದ್ದ ತುಂಡನ್ನು ಬೇರೊಂದು ಗಾಡಿಯಿಂದ ಕತ್ತರಿಸಿ ತಂದು ಬೆಸೆದಿದ್ದರು. ಆ ಜೀಪು ಎಂದೂ ನನ್ನ ಹೆಸರಿಗೆ ಆಗಲಿಲ್ಲ. ಅಂಥ ಗಾಡಿ ಕದ್ದದ್ದಾಗಿದ್ದರೆ ಕೊಂಡವರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ.

ಆದ್ದರಿಂದ ಗಾಡಿ ನೋಡಲು ಹೊರಡುವಾಗ ಜೇಬಿನಲ್ಲಿ ಒಂದು ಮೆತ್ತನೆಯ ಪೆನ್ಸಿಲ್, ತೆಳು ಕಾಗದ, ಒಂದು ಹಳೆ ಬಟ್ಟೆ ಇರಲಿ. ಚಾಸಿಸ್ ಮೇಲೆ ನಂಬರ್ ಕೊರೆದ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಕಾಗದವನ್ನು ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡಡ್ಡ ಮಲಗಿಸಿ ಉಜ್ಜಿ. ಆರ್‌ಟಿಓ ಕಚೇರಿಗೆ ಕೊಡುವ ಚಾಸಿಸ್ ಪ್ರಿಂಟನ್ನು ತೆಗೆಯುವುದೂ ಹೀಗೆಯೇ. ಅಂಕಿಗಳು ಒಂದೇ ಆಳದಲ್ಲಿ, ಒಂದೇ ಸಾಲಿನಲ್ಲಿ ಮೂಡಬೇಕು. ಒಂದು ಅಂಕಿ ಮೇಲೆದ್ದಿದ್ದರೆ, ಒಂದು ಓರೆಯಾಗಿದ್ದರೆ, ಅಂಕಿಗಳ ಸುತ್ತ ಲೋಹ ಉಬ್ಬಿದ್ದರೆ ಅಲ್ಲಿಗೆ ಬಿಡಿ. ಪ್ರಿಂಟಿನ ಅಂಕಿ, ಆರ್‌ಸಿಯ ಅಂಕಿ, ಪರಿವಾಹನ್ ಜಾಲತಾಣದಲ್ಲಿ ಬರುವ ವಿವರ ಈ ಮೂರನ್ನೂ ಹೊಂದಿಸಿ ನೋಡಿ. ಎಂಜಿನ್ ನಂಬರಿಗೂ ಇದೇ ಪರೀಕ್ಷೆ.

ಹಳೆಯ ಎಂವೈ, ಸಿಎ ಅಕ್ಷರಗಳ ನಂಬರಿನ ಗಾಡಿಗಳು ಪರಿವಾಹನ್‌ನಲ್ಲಿ ಕಾಣಿಸದೆ ಇರಬಹುದು. 1989ರಲ್ಲಿ ಕೆಎ ನಂಬರುಗಳು ಬರುವ ಮುಂಚಿನ ದಾಖಲೆಗಳೆಲ್ಲ ಕೈಬರಹದವು. ಕಾಣಿಸಲಿಲ್ಲವೆಂದ ಮಾತ್ರಕ್ಕೆ ಗಾಡಿ ನಕಲಿಯಲ್ಲ. ನೋಂದಣಿಯಾದ ಕಚೇರಿಯ ಹಳೆ ರಿಜಿಸ್ಟರಿನಲ್ಲಿ ಹೆಸರಿದ್ದರೆ ಅದನ್ನು ಕಂಪ್ಯೂಟರಿಗೆ ಸೇರಿಸಲು ದಾರಿಯಿದೆ, ಕಚೇರಿಯಲ್ಲಿ ಅದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ಆ ಕೆಲಸವನ್ನು ಮಾರುವವರ ಕೈಯಲ್ಲೇ ಮಾಡಿಸಿ, ಆಮೇಲೆ ಪೂರ್ತಿ ದುಡ್ಡು ಕೊಡಿ. ಇಲಾಖೆಯ ಹರಾಜಿನಲ್ಲಿ ಬಂದ ಜೀಪಾದರೆ ಹರಾಜಿನ ಆದೇಶಪತ್ರ ಕೇಳಿ. ಸರ್ಕಾರಿ ಜಿ ನಂಬರು ಬದಲಾಗಿ ಖಾಸಗಿ ನಂಬರು ಬಿದ್ದಿದೆಯೇ ನೋಡಿ. ಆರ್‌ಸಿಯಲ್ಲಿ ಹೆಸರಿದ್ದವರು ತೀರಿಕೊಂಡಿದ್ದರೆ, ನಮ್ಮ ಹಳ್ಳಿಗಳಲ್ಲಿ ಇದು ಬಹಳ ಸಾಮಾನ್ಯ, ಮೊದಲು ವಾರಸುದಾರರು 31ನೇ ನಮೂನೆಯಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅಣ್ಣತಮ್ಮಂದಿರಲ್ಲಿ ಒಬ್ಬರು ಮಾರಿ ಇನ್ನೊಬ್ಬರು ತಕರಾರು ತೆಗೆಯುವುದನ್ನು ಕಂಡಿದ್ದೇನೆ. ಎಲ್ಲರ ಒಪ್ಪಿಗೆಯೂ ಬರಹದಲ್ಲಿರಲಿ. ಬ್ಯಾಂಕ್ ಸಾಲದ ಮುದ್ರೆ ಆರ್‌ಸಿಯಲ್ಲಿ ಹಾಗೇ ಉಳಿದಿದ್ದರೆ 35ನೇ ನಮೂನೆ ಮತ್ತು ಬ್ಯಾಂಕಿನ ಎನ್‌ಒಸಿ ಬೇಕು. ಮಾರಾಟಕ್ಕೆ 29 ಮತ್ತು 30ನೇ ನಮೂನೆ, ಬೇರೆ ಆರ್‌ಟಿಓ ವ್ಯಾಪ್ತಿಯ ಗಾಡಿಗೆ 28ನೇ ನಮೂನೆಯ ಎನ್‌ಒಸಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕೆಂಬುದು ಕಾನೂನು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ಖಾಲಿ ನಮೂನೆಗೆ ಸಹಿ ಹಾಕಿಸಿ ಬೀರುವಿನಲ್ಲಿ ಇಡುವ ಅಭ್ಯಾಸ ಬೇಡ.

ಉತ್ತರದಿಂದ ಬರುವ ಜೀಪುಗಳ ಬಗ್ಗೆ ಒಂದು ಎಚ್ಚರಿಕೆ. ಹರಿಯಾಣದ ಮಂಡಿ ಡಬವಾಲಿಯಂಥ ಊರುಗಳಲ್ಲಿ ಹಳೆ ಬಿಡಿಭಾಗ, ಹೊಸ ಬಾಡಿ ಸೇರಿಸಿ ಕಟ್ಟಿದ ಜೀಪುಗಳು ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತವೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮೇಲಾಗಿ ಹೊರರಾಜ್ಯದ ಗಾಡಿಗೆ ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. ಊರ ಹತ್ತಿರದ ಹರುಕು ಜೀಪೇ ಮೇಲು.

50 ವರ್ಷ ದಾಟಿದ ಗಾಡಿಗೆ ಎರಡು ದಾರಿಗಳಿವೆ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಮೂಲರೂಪ ಉಳಿಸಿಕೊಂಡ 50 ವರ್ಷ ಮೀರಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ 'ವಿಎ' ಅಕ್ಷರ. ಆದರೆ ಅಂಥ ಗಾಡಿಯನ್ನು ರ್‍ಯಾಲಿ, ಪ್ರದರ್ಶನ, ಇಂಧನ, ದುರಸ್ತಿಗೆಂದು ಮಾತ್ರ ರಸ್ತೆಗಿಳಿಸಬೇಕು. ತಿ.ನರಸೀಪುರದ ಸಂಗಮಕ್ಕೆ ಮನೆಮಂದಿಯನ್ನು ಕೂರಿಸಿಕೊಂಡು ಹೋಗಬೇಕು, ತೋಟಕ್ಕೆ ಓಡಾಡಬೇಕು ಎನ್ನುವವರಿಗೆ ಸಾಮಾನ್ಯ ನವೀಕರಣವೇ ಸರಿ: 25ನೇ ನಮೂನೆ, ತಪಾಸಣೆ, ಒಮ್ಮೆಗೆ 5 ವರ್ಷ. 20 ವರ್ಷ ದಾಟಿದ ಲಘು ವಾಹನಕ್ಕೆ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಹಸಿರು ತೆರಿಗೆ ಬೇರೆ. ನವೀಕರಣ ತಪ್ಪಿ ವರ್ಷಗಳಾದ ಗಾಡಿಗೆ ದಂಡವೂ ಬೆಳೆದಿರುತ್ತದೆ. ಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಗೆ ಹೋಗಿ ಒಟ್ಟು ಎಷ್ಟಾಗುತ್ತದೆಂದು ಕೇಳಿ, ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಿರಿ.

ಅಡಿಗೆ ಮಲಗಿ ನೋಡಿ

"ಬಣ್ಣ ನೋಡಬ್ಯಾಡಿ ಸಾ, ಅಡಿ ನೋಡಿ. ಬಣ್ಣ ಎಲ್ರೂ ಹೊಡೀತಾರ" ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಒಂದು ಗೋಣಿಚೀಲ ಹಾಸಿ ಜೀಪಿನಡಿ ಮಲಗುವುದಕ್ಕೆ ನಾಚಿಕೆ ಬೇಡ. ಕೈಯಲ್ಲಿ ಸಣ್ಣ ಸುತ್ತಿಗೆ, ಟಾರ್ಚು, ಬಟ್ಟೆ ಸುತ್ತಿದ ಅಯಸ್ಕಾಂತ ಇರಲಿ. ಚಾಸಿಸ್ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಒದ್ದೆ ಮಡಕೆಯಂತೆ ಡಬ್ ಎನ್ನುತ್ತದೆ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಚಾಸಿಸ್‌ಗೆ ಸೇರುವ ಜಾಗ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಸೀಳು, ಪಟ್ಟಿ ಹಾಕಿದ ವೆಲ್ಡಿಂಗ್ ಕಂಡರೆ ಹೆಚ್ಚು ಹೊರೆ ಹೊತ್ತ ಗಾಡಿಯೆಂದು ತಿಳಿಯಿರಿ.

ನಮ್ಮ ಕಡೆಯ ಜೀಪುಗಳಿಗೆ ಇನ್ನೊಂದು ಕಾಯಿಲೆಯಿದೆ, ಅದು ಕೊಟ್ಟಿಗೆಯದು. ದನದ ಗಂಜಲ ಹರಿಯುವ ನೆಲದಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಒಂದು ಬದಿ ಇನ್ನೊಂದು ಬದಿಗಿಂತ ಹೆಚ್ಚು ಸವೆದಿರುತ್ತದೆ. ಬದನವಾಳಿನ ಜೀಪಿನಲ್ಲಿ ಎಡಬದಿಯ ತಳದ ತಗಡು ಹಪ್ಪಳದಂತೆ ಪುಡಿಯಾಯಿತು. ಚಾಸಿಸ್ ಮಾತ್ರ ಗಟ್ಟಿಯಿತ್ತು. ತಳದ ತಗಡು ಹೋದರೆ ಅಂಜಬೇಡಿ. ಜೀಪಿನ ಬಾಡಿ ಬಹುಪಾಲು ಚಪ್ಪಟೆ ತಗಡು, ಒಳ್ಳೆಯ ಟಿಂಕರ್ ಅದನ್ನು ಕತ್ತರಿಸಿ ಹೊಸದು ಕೂರಿಸುತ್ತಾರೆ. ಅಯಸ್ಕಾಂತ ಹಿಡಿಯದ ಜಾಗದಲ್ಲಿ ಪುಟ್ಟಿ ತುಂಬಿದ್ದಾರೆಂದು ಅರ್ಥ. ಇಡೀ ಪಕ್ಕ ಹಿಡಿಯದಿದ್ದರೆ ಅಪಘಾತ ಕಂಡ ಗಾಡಿ.

ಎಂಜಿನ್ ಕೆಟ್ಟಿದ್ದರೂ ಜೀಪು ಕೊಳ್ಳಬಹುದು, ಬೆಲೆ ಅದಕ್ಕೆ ತಕ್ಕಂತಿರಬೇಕು ಅಷ್ಟೇ. ಓಡುವ ಗಾಡಿಯಾದರೆ ಹೇಳದೆ ಬೆಳಿಗ್ಗೆ ಹೋಗಿ ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಅರ್ಧ ರೋಗ ಮುಚ್ಚಿಡುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ನೋಡಿ. ಆಯಿಲ್ ಕಡ್ಡಿ ಎಳೆದಾಗ ಎಣ್ಣೆ ಹಾಲಿನಂತಾಗಿದ್ದರೆ ನೀರು ಸೇರಿದೆ. ನೀಲಿ ಹೊಗೆ ನಿಲ್ಲದೆ ಬಂದರೆ ರಿಂಗು, ಪಿಸ್ಟನ್, ಬೋರಿಂಗ್ ಕೆಲಸವಿದೆ. ಸಿಜೆ-3ಬಿಯ 2.2 ಲೀಟರ್ ಪೆಟ್ರೋಲ್ ಎಂಜಿನ್ ಸರಳವಾದದ್ದು, ಬಿಚ್ಚಿ ಕಟ್ಟಲು ಕಲಿಯುವವರಿಗೆ ಹೇಳಿಮಾಡಿಸಿದಂತಿದೆ. ಆದರೆ ಪೆಟ್ರೋಲ್ ಕುಡಿಯುತ್ತದೆಂದು ಅದನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳೇ ಹೆಚ್ಚು. ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿದ್ದರೆ ಸರಿ. ಆರ್‌ಸಿಯಲ್ಲಿ ಪೆಟ್ರೋಲ್, ಗಾಡಿಯಲ್ಲಿ ಡೀಸೆಲ್ ಇದ್ದರೆ ಕೊಳ್ಳಬೇಡಿ. ಡೀಸೆಲ್ಲೇ ಬೇಕಿದ್ದರೆ ಪೆಜೋ ಎಂಜಿನ್ ಇಟ್ಟು ಕಂಪನಿಯೇ ಮಾಡಿದ ಎಂಎಂ-540 ಹುಡುಕಿ.

ಗೇರಿನ ವಿಷಯದಲ್ಲಿ ಹೊಸಬರು ಎಡವುವುದುಂಟು. ಸಿಜೆ-3ಬಿಯ ಮೂರು ಗೇರಿನ ಪೆಟ್ಟಿಗೆಯಲ್ಲಿ ಒಂದನೇ ಗೇರಿಗೆ ಸಿಂಕ್ರೊ ಇಲ್ಲ. ಗಾಡಿ ಪೂರ್ತಿ ನಿಲ್ಲದೆ ಹಾಕಿದರೆ ಕರಕರ ಎನ್ನುತ್ತದೆ. ಅದು ದೋಷವಲ್ಲ, ಅದರ ಗುಣ. ಎರಡನೇ ಗೇರಿನಲ್ಲಿ ಇಳಿಜಾರು ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗೇರು ತಾನೇ ಹಾರಿ ಬಂದರೆ ಅದು ದೋಷ. ಎರಡು ಸಣ್ಣ ಲಿವರ್ ಇದ್ದರೆ ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ. ಅದನ್ನು ಡಾಂಬರಿನ ಮೇಲೆ ಪರೀಕ್ಷಿಸಬಾರದು, ಹಲ್ಲುಗಳು ಬಿಗಿದುಕೊಳ್ಳುತ್ತವೆ. ಬೇಸಗೆಯ ಕೆರೆ ಅಂಗಳವೋ ಉತ್ತ ಹೊಲವೋ ಆಗಬೇಕು. ಓಟದಲ್ಲಿ 50 ಕಿಲೋಮೀಟರ್ ವೇಗಕ್ಕೆ ಸ್ಟೇರಿಂಗ್ ಕೈಯಲ್ಲಿ ಕಿತ್ತುಬರುವಂತೆ ನಡುಗಿದರೆ ಮುಂದಿನ ಚಕ್ರದ ಕಿಂಗ್‌ಪಿನ್ ಬೇರಿಂಗು, ಟೈರಾಡ್ ತುದಿಗಳು ಸವೆದಿವೆ. ಸರಿಮಾಡಿಸಬಹುದು, ಸರಿಮಾಡಿಸುವ ತನಕ ಓಡಿಸಬಾರದು.

ಬ್ರೇಕ್ ಬಗ್ಗೆ ನಾನು ಕಟ್ಟುನಿಟ್ಟು. ಈ ಹಳೆ ಜೀಪುಗಳಲ್ಲಿ ನಾಲ್ಕೂ ಚಕ್ರದ ಡ್ರಮ್ ಬ್ರೇಕಿಗೆ ಒಂದೇ ಕೊಳವೆ ಮಾರ್ಗ. ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ. ಗಾಡಿ ಮನೆಗೆ ಬಂದ ದಿನವೇ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್, ರಬ್ಬರು, ಪೈಪು ಎಲ್ಲ ಬದಲಿಸಿ. ಮನೆಗೆ ತರುವುದೂ ಲಾರಿಯ ಮೇಲೇ. ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಅಡಿಯಲ್ಲಿ ಎಂಬುದನ್ನು ಮರೆಯಬೇಡಿ. ಸೀಟೆತ್ತಿ ಮೂಸಿ ನೋಡಿ, ಬೆಸುಗೆಯ ಅಂಚಿನಲ್ಲಿ ಬೆರಳಾಡಿಸಿ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್; ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಅದು ಮೆತ್ತಗೆ ಮಾಡುತ್ತದೆ. ಎಥೆನಾಲ್ ತಡೆಯುವ ಪೈಪುಗಳನ್ನೇ ಕೇಳಿ ಹಾಕಿಸಿ.

ಹುಡ್ಡಿನ ಬಟ್ಟೆ

ಹುಡ್ ಹರಿದಿದೆ ಎಂದು ಯಾರೂ ಹಿಂದೆ ಸರಿಯಬೇಕಿಲ್ಲ. ನೋಡಬೇಕಾದ್ದು ಬಟ್ಟೆಯನ್ನಲ್ಲ, ಅದನ್ನು ಹೊರುವ ಕಂಬಿಗಳನ್ನು. ಮೂಲ ಕಂಬಿಗಳು, ಅವು ಕೂರುವ ಬಾಡಿಯ ಗೂಡುಗಳು, ಮುಂದಿನ ಗಾಜಿನ ಚೌಕಟ್ಟು ಮತ್ತು ಅದರ ಕೀಲುಗಳು ಇದ್ದರೆ ಕುಶನ್ ವರ್ಕ್ಸ್ ಅಂಗಡಿಯವರು ಕೆಲವು ದಿನದಲ್ಲಿ ಹೊಸ ಹುಡ್ ಹೊಲಿದುಕೊಡುತ್ತಾರೆ. ಕಂಬಿ ಕಳೆದಿದ್ದರೆ ಅದೇ ಬಾಗಿನಲ್ಲಿ ಮತ್ತೆ ಮಾಡಿಸುವುದು ಕಷ್ಟ, ಬಾಗು ತಪ್ಪಿದರೆ ಮಳೆನೀರು ನಡುವೆ ಮಡುಗಟ್ಟುತ್ತದೆ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ 'ಪಯಣ' ಸಂಗ್ರಹಾಲಯದಲ್ಲಿ ಹಳೆ ಕಾರುಗಳಿವೆ. ಹೊಲಿಸುವ ಮೊದಲು ಒಮ್ಮೆ ಹೋಗಿ ಹುಡ್ಡಿರುವ ಗಾಡಿಗಳ ಹೊಲಿಗೆ, ಮಡಿಕೆ, ಗುಂಡಿಗಳನ್ನು ನೋಡಿಬನ್ನಿ.

ನನ್ನ ಜೀಪಿನ ಹಳೆ ಹುಡ್ಡಿಗೆ ತೇಪೆ ಹಾಕಿ ಉಳಿಸಬಹುದೇ ಎಂದು ಕೇಳಲು ಅದರ ಒಂದು ತುಂಡನ್ನು ಬದನವಾಳಿನಲ್ಲಿ ನೇಯ್ಗೆ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಅಂಚಿನಿಂದ ಒಂದು ಎಳೆ ಎಳೆದು ಎರಡು ಬೆರಳಲ್ಲಿ ಹಿಡಿದು ಜಗ್ಗಿದರು, ತಡೆಯಿತು. ಅಡ್ಡಲಾಗಿ ಇನ್ನೊಂದು ಎಳೆ ಎಳೆದರು, ಹಿಡಿಯುವ ಮೊದಲೇ ಪುಡಿಯಾಯಿತು. "ಹಾಸು ಇನ್ನೂ ಬದುಕದ ಕನಪ್ಪ, ಹೊಕ್ಕು ಸತ್ತೋಗದ. ತ್ಯಾಪೆ ಹಾಕುದ್ರ ತ್ಯಾಪೆ ಪಕ್ಕದಲ್ಲೇ ಹರೀತದ" ಎಂದರು. ಹಳೆ ಹುಡ್ ಉಳಿಸಬೇಕೋ ಬಿಡಬೇಕೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಯಾವ ಗ್ಯಾರೇಜಿನಲ್ಲೂ ನಾನು ಕಲಿತಿಲ್ಲ.

ಹೊಸದಕ್ಕೆ ರೆಕ್ಸಿನ್‌ಗಿಂತ ದಪ್ಪ ಹತ್ತಿ ಕ್ಯಾನ್ವಾಸ್ ನನಗೆ ಇಷ್ಟ. ನೆನೆದಾಗ ಎಳೆ ಉಬ್ಬಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ, ಬಿಸಿಲಿಗೆ ಒಳಗೆ ಬೇಯುವುದಿಲ್ಲ. ಒದ್ದೆಯಿದ್ದಾಗ ಮಾತ್ರ ಮಡಚಬಾರದು; ಬೂಷ್ಟು ಹಿಡಿದರೆ ಒಂದೇ ಮಳೆಗಾಲಕ್ಕೆ ಮುಗಿಯುತ್ತದೆ.

ದುಡ್ಡಿನ ಲೆಕ್ಕದಲ್ಲಿ ನನ್ನ ಪದ್ಧತಿ ಹೀಗೆ: ಈ ಕೆಲಸಕ್ಕೆಂದು ಎತ್ತಿಟ್ಟ ಹಣದಲ್ಲಿ ಅರ್ಧ ಗಾಡಿಗೆ, ಅರ್ಧ ರಿಪೇರಿಗೆ. ಅರ್ಧಕ್ಕಿಂತ ಹೆಚ್ಚಿನ ಬೆಲೆಯ ಗಾಡಿಯ ಕಡೆ ನೋಡಬೇಡಿ. ಕೆಲಸವೂ ಇದೇ ಸರದಿಯಲ್ಲಿ ನಡೆಯಲಿ, ಮೊದಲು ದಾಖಲೆ, ಆಮೇಲೆ ಬ್ರೇಕು ಮತ್ತು ಸ್ಟೇರಿಂಗ್, ಆಮೇಲೆ ಎಂಜಿನ್, ತಗಡು, ವೈರಿಂಗ್. ಹುಡ್ ಮತ್ತು ಬಣ್ಣ ಕೊನೆಗೆ. ಬಣ್ಣದಿಂದ ಆರಂಭಿಸಿ ನಡುವೆ ನಿಂತ ಗಾಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಿಚ್ಚುವಾಗ ಪ್ರತಿ ಬೋಲ್ಟನ್ನೂ ಬಿಚ್ಚಿದ ರಂಧ್ರಕ್ಕೇ ಸಡಿಲವಾಗಿ ತಿರುಗಿಸಿಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಒಬ್ಬ ಹಿರಿಯ ಮೆಕ್ಯಾನಿಕ್‌ನ ಪರಿಚಯ ಮಾಡಿಕೊಳ್ಳಿ. ಕಾರ್ಬುರೇಟರ್ ಬಿಚ್ಚಿ ಕಟ್ಟಬಲ್ಲ ಆ ತಲೆಮಾರಿನ ಕೈಗಳು ಕಡಿಮೆಯಾಗುತ್ತಿವೆ. ಅವರ ಪಕ್ಕ ಸ್ಪ್ಯಾನರ್ ಹಿಡಿದು ಕೂತ ಒಂದು ಭಾನುವಾರ ಎಷ್ಟೋ ವಿಡಿಯೋಗಳಿಗಿಂತ ಹೆಚ್ಚು ಕಲಿಸುತ್ತದೆ.

ಕೊಳ್ಳುವವರಿಗೆ ಹೇಳಬೇಕಾದ್ದು ಇಷ್ಟು. ಚಪ್ಪರದಡಿ ಇಂಥ ಜೀಪೊಂದನ್ನು ನಿಲ್ಲಿಸಿಕೊಂಡಿರುವ ಮನೆಗಳವರಲ್ಲಿ ಒಂದು ಕೋರಿಕೆಯಿದೆ. ಅದನ್ನು ತೂಕಕ್ಕೆ ಹಾಕಿ ಗುಜರಿಗೆ ಕೊಡುವ ಮುನ್ನ ಅಪ್ಪನ, ತಾತನ ಟ್ರಂಕಿನಲ್ಲಿ ಆರ್‌ಸಿ ಪುಸ್ತಕ ಇದೆಯೇ ಎಂದು ಒಮ್ಮೆ ಹುಡುಕಿ. ಸಿಕ್ಕರೆ ಗೆದ್ದಲು ಹತ್ತದಂತೆ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ.